ಇಂದಿನ ಚಿಂತನೆ: ಸೇವೆ ಮಾಡುವವರು ರೊಕ್ಕ ಕೇಳಬಹುದೇ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳಲ್ಲಿ ಬಾಣಂತಿ, ಕೂಸು ಅಂದರೆ ಮೊದಲು ನೆನಪಾಗುವುದು ಆಶಾ ಅಕ್ಕ. 2005ರಲ್ಲಿ ಯೋಜನೆ ಬಂದಾಗ ಮೊದಲ ವರ್ಷಕ್ಕೆ ಗೊತ್ತುಮಾಡಿದ್ದು 23 ದಿನಗಳ ತರಬೇತಿ. ಕೊಡುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಇವರು ತಿಂಗಳಿಗೆ 15,000 ರೂಪಾಯಿ ಕೇಳಿ ಧರಣಿ ಕೂತರು. "ಸೇವೆ ಅಂದಮೇಲೆ ರೊಕ್ಕ ಯಾಕ?" ಎಂಬ ಮಾತನ್ನು ನಮ್ಮವರ ಬಾಯಲ್ಲೂ ಕೇಳಿದ್ದೇನೆ.

ವಿನಯ ಪಿಟಕದ ಮಹಾವಗ್ಗ ನೋಡೋಣ. ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಖುವಿಗೆ ಬುದ್ಧರು ನೀರು ಹಾಕಿದರು, ಆನಂದರು ತೊಳೆದರು. ಉಳಿದವರು ಯಾಕೆ ನೋಡಲಿಲ್ಲ? ಅವನಿಂದ ಅವರಿಗೇನೂ ಉಪಯೋಗವಿರಲಿಲ್ಲ, ಅಷ್ಟೇ.

ಆರೈಕೆ ಮಾಡುವವರಿಗೆ ಅಲ್ಲಿ ಐದು ಗುಣ ಹೇಳಿದೆ. ಮದ್ದು ಸಿದ್ಧಮಾಡಲು ಬರಬೇಕು, ಪಥ್ಯ ತಿಳಿದಿರಬೇಕು, ಲಾಭಕ್ಕಲ್ಲದೆ ಮೈತ್ರಿಯಿಂದ ಮಾಡಬೇಕು, ಮಲಮೂತ್ರ ವಾಂತಿಗೆ ಹೇಸಬಾರದು, ಧಮ್ಮದ ಮಾತಿನಿಂದ ಧೈರ್ಯ ತುಂಬಬೇಕು. (ನಾಲ್ಕನೆಯದನ್ನು ಜಾತಿ ನಮ್ಮವರಿಂದ ಬಿಟ್ಟಿಯಾಗಿಯೇ ಮಾಡಿಸಿಕೊಂಡಿತ್ತು.)

"ಲಾಭಕ್ಕಲ್ಲ" ಎಂಬಲ್ಲಿಗೇ ನಿಲ್ಲುವವರು ಮುಂದಿನ ಪ್ರಸಂಗ ಓದುವುದಿಲ್ಲ. ಭಿಕ್ಖು ತೀರಿಕೊಂಡಾಗ ಅವನ ಚೀವರ, ಪಾತ್ರೆಯನ್ನು ಆರೈಕೆ ಮಾಡಿದವರಿಗೇ ಕೊಡಲು ಬುದ್ಧರು ಸಂಘಕ್ಕೆ ಅನುಮತಿಸಿದರು, ಅವರ ಉಪಕಾರ ದೊಡ್ಡದೆಂದು. ಲೋಭವಿಲ್ಲದಿರುವುದು ಆಕೆಯ ಶೀಲ. ಕೊಡುವುದು ಸಂಘದ ಹೊಣೆ. ಆಕೆಯ ಶೀಲ ತೋರಿಸಿ ನಮ್ಮ ಹೊಣೆ ತಪ್ಪಿಸಿಕೊಂಡರೆ ಅದು ಹಳೆಯ ಬಿಟ್ಟಿ ಚಾಕರಿಯೇ ಎಂದು ನನಗನಿಸುತ್ತದೆ.

ಹುಣ್ಣಿಮೆಗೆ ವಿಹಾರದಲ್ಲಿ ಕೂಡಿದಾಗ ನಿಮ್ಮೂರ ಆಶಾ ಅಕ್ಕನನ್ನೂ ಕರೆಯಿರಿ. ಬರಬೇಕಾದ ಬಾಕಿ ಎಷ್ಟು ತಿಂಗಳದ್ದಿದೆ, ಕೇಳಿ.