ಗುಜರಿಯಿಂದ ಎದ್ದ ಸಂಪ್ರದಾಯ

ಬಾಡಿ 1929ರದು. ಅದನ್ನು ಹೊತ್ತ ಚಾಸಿಸ್ 1932ರದು. ಬ್ರೇಕು, ಗೇರ್‌ಬಾಕ್ಸುಗಳನ್ನು 1939ರ ಕಾರಿನಿಂದ ಬಿಚ್ಚಿ ತಂದದ್ದು. ಸ್ಟಿಯರಿಂಗ್ ಚಕ್ರ 1940ರದು, ಎಂಜಿನ್ 1948ರದು. ಎಲ್ಲವೂ ಫೋರ್ಡ್ ಕಂಪನಿಯವೇ. ಆದರೆ ಇಂಥದೊಂದು ಕಾರನ್ನು ಫೋರ್ಡ್ ಎಂದೂ ಮಾಡಿರಲಿಲ್ಲ. ಮಡ್‌ಗಾರ್ಡುಗಳನ್ನು ಕಿತ್ತುಹಾಕಿದ್ದಾರೆ, ಬಾನೆಟ್ಟಿನ ಪಕ್ಕದ ತಗಡುಗಳೂ ಇಲ್ಲ. ಎಂಜಿನ್ ಯಾವ ಮುಚ್ಚುಮರೆಯೂ ಇಲ್ಲದೆ ಕೂತಿದೆ.

ಇದಕ್ಕೆ ಅಮೆರಿಕದಲ್ಲಿ ಈಗ ‘ಸಾಂಪ್ರದಾಯಿಕ ಹಾಟ್ ರಾಡ್’ ಎಂಬ ಗೌರವದ ಹೆಸರು. ಗುಜರಿ ಅಂಗಡಿ, ಹಳ್ಳಿಗಳ ಕೊಟ್ಟಿಗೆ, ಹಳೆಯ ಬಿಡಿಭಾಗಗಳ ಸಂತೆ ಎಂದೆಲ್ಲ ಅಲೆದು ತಂದ ತುಂಡುಗಳಿಂದ ಮನೆಯ ಗ್ಯಾರೇಜಿನಲ್ಲೇ ಇಂಥ ಕಾರು ಕಟ್ಟುವವರು ಅಲ್ಲಿ ಇಂದಿಗೂ ಇದ್ದಾರೆ. ಅವರಲ್ಲಿ ಕಟ್ಟುನಿಟ್ಟಿನವರು ಪಾಲಿಸುವ ನಿಯಮ ಒಂದೇ: ನಲವತ್ತು, ಐವತ್ತರ ದಶಕದಲ್ಲಿ ಒಬ್ಬ ಹುಡುಗನ ಕೈಗೆ ಏನು ಸಿಗುತ್ತಿತ್ತೋ ಅದನ್ನು ಮಾತ್ರ ಬಳಸಬೇಕು. ಆಮೇಲೆ ಬಂದ ಒಂದು ಬೋಲ್ಟು ಕಣ್ಣಿಗೆ ಬಿದ್ದರೂ ಅದು ಮೈಲಿಗೆ. ವಿಚಿತ್ರವೆಂದರೆ, ಆ ಹುಡುಗನಿಗೆ ಇಂಥ ಮಡಿ ಮೈಲಿಗೆ ಯಾವುದೂ ಇರಲಿಲ್ಲ.

ಅವನ ಕಥೆ ಶುರುವಾಗುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1908ರಿಂದ 1927ರವರೆಗೆ ಫೋರ್ಡ್ ಕಂಪನಿ ಒಂದೂವರೆ ಕೋಟಿ ‘ಮಾಡೆಲ್ ಟಿ’ ಕಾರುಗಳನ್ನು ಮಾಡಿತು. ಅದರ ಹಿಂದೆಯೇ ಬಂದ ‘ಮಾಡೆಲ್ ಎ’ 1931ರವರೆಗೆ ಐವತ್ತು ಲಕ್ಷದ ಹತ್ತಿರ ಮಾರಾಟವಾಯಿತು. ಇಷ್ಟು ಕಾರುಗಳು ಹಳತಾದ ಮೇಲೆ ಹೋಗುವುದೆಲ್ಲಿಗೆ? ಮೂವತ್ತರ ದಶಕದ ಹೊತ್ತಿಗೆ ಗುಜರಿ ಅಂಗಳಗಳು ತುಂಬಿಹೋದವು. ಆರ್ಥಿಕ ಕುಸಿತದ ಕಾಲ, ಹೊಸ ಕಾರಿಗೆ ಕಾಸಿಲ್ಲ, ಆದರೆ ವೇಗದ ಹುಚ್ಚು ಬಿಡದು. ಹುಡುಗರು ರೋಡ್‌ಸ್ಟರ್ ಎನ್ನುವ ಹಳೆಯ ತೆರೆದ ಕಾರುಗಳನ್ನು ತಂದು, ಓಡುವುದಕ್ಕೆ ಬೇಡವಾದ ತೂಕವನ್ನೆಲ್ಲ ಬಿಚ್ಚಿಹಾಕಿ, ಲಾಸ್ ಏಂಜಲೀಸ್‌ನ ಉತ್ತರಕ್ಕಿರುವ ಮೊಹಾವಿ ಮರುಭೂಮಿಯ ಒಣಕೆರೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು.

ಆ ಒಣಕೆರೆಗಳದೇ ಒಂದು ಸೋಜಿಗ. ಚಳಿಗಾಲದ ಮಳೆಗೆ ಅಲ್ಲಿ ತೆಳ್ಳಗೆ ನೀರು ನಿಲ್ಲುತ್ತದೆ. ಗಾಳಿ ಆ ನೀರನ್ನು ಅತ್ತಿಂದಿತ್ತ ದೂಡುತ್ತ ಜೇಡಿಯನ್ನು ಸಮ ಮಾಡುತ್ತದೆ. ಬೇಸಿಗೆ ಬರುವಷ್ಟರಲ್ಲಿ ಮೈಲಿಗಟ್ಟಲೆ ಗಟ್ಟಿ ನೆಲ ಯಾರೂ ದುಡ್ಡು ಕೊಡದೆ ತಯಾರಾಗಿರುತ್ತದೆ. ಮುರಾಕ್ ಎಂಬ ಒಣಕೆರೆ ಈ ಹುಡುಗರ ಅಚ್ಚುಮೆಚ್ಚಿನದಾಗಿತ್ತು. 1937ರಲ್ಲಿ ಹಲವು ಗುಂಪುಗಳು ಸೇರಿ ‘ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್’ ಕಟ್ಟಿಕೊಂಡು ವೇಗವನ್ನು ಕ್ರಮವಾಗಿ ಅಳೆಯತೊಡಗಿದವು. ಎರಡನೇ ಮಹಾಯುದ್ಧದ ಕಾಲಕ್ಕೆ ಮುರಾಕ್ ಸೇನೆಯ ಪಾಲಾಯಿತು. 1947ರಲ್ಲಿ ಪೈಲಟ್ ಚಕ್ ಯೇಗರ್ ವಿಮಾನದಲ್ಲಿ ಶಬ್ದದ ವೇಗ ದಾಟಿದ್ದು ಅಲ್ಲಿಂದಲೇ. ಕಾರಿನವರು ಎಲ್ ಮಿರಾಜ್ ಎಂಬ ಇನ್ನೊಂದು ಒಣಕೆರೆಗೆ ಸರಿದರು. ಇಂದಿಗೂ ಅಲ್ಲೇ ಓಡಿಸುತ್ತಾರೆ.

ಈ ಹುಡುಗರ ಬಂಡವಾಳ ಹಣವಲ್ಲ, ಯಾವ ಭಾಗ ಎಲ್ಲಿಗೆ ಕೂರುತ್ತದೆ ಎಂಬ ತಿಳಿವಳಿಕೆ. ಹಲವು ಕಾರುಗಳ ತುಂಡು ಸೇರಿಸಿದ್ದು ಎಂದ ಕೂಡಲೇ ನಮಗೆ ಕೌದಿ ನೆನಪಾಗಬಹುದು. ಆದರೆ ಕೌದಿಯಲ್ಲಿ ಯಾವ ಬಟ್ಟೆಯನ್ನಾದರೂ ಎಲ್ಲಾದರೂ ಹೊಲಿಯಬಹುದು. ಇಲ್ಲಿ ಒಂದು ನೂಲು ಆಚೀಚೆಯಾದರೂ ಕಾರು ಎಳೆದ ಕಡೆಗೆ ಓಡುತ್ತದೆ.

ಆ ತಿಳಿವಳಿಕೆ ಸಾಧ್ಯವಾದದ್ದರ ಹಿಂದೆ ಒಬ್ಬ ಮುದುಕನ ಹಟವಿದೆ. ಹೆನ್ರಿ ಫೋರ್ಡ್ ತನಗೆ ಒಪ್ಪಿದ ಏರ್ಪಾಟನ್ನು ಸುಲಭಕ್ಕೆ ಬಿಡುವವನಲ್ಲ. ಮುಂದೊಂದು ಹಿಂದೊಂದು ಅಡ್ಡಡ್ಡ ಕೂರಿಸಿದ ಪಟ್ಟಿ ಸ್ಪ್ರಿಂಗು, ಮುಂಗಡೆ ಇಡಿಯಾದ ಒಂದೇ ಆಕ್ಸಲ್: 1908ರ ಈ ಜೋಡಣೆಯನ್ನು ಅವನ ಕಂಪನಿ 1948ರವರೆಗೂ ಸಾಗಿಸಿಕೊಂಡು ಬಂತು. ಬ್ರೇಕಿನ ವಿಷಯದಲ್ಲೂ ಅದೇ ಮೊಂಡುತನ. ಕ್ರೈಸ್ಲರ್ ಕಂಪನಿ 1924ರಲ್ಲೇ ಹೈಡ್ರಾಲಿಕ್ ಬ್ರೇಕ್ ಕೊಟ್ಟಿದ್ದರೂ ಫೋರ್ಡ್ ಕಾರಿಗೆ ಅದು ಬಂದದ್ದು 1939ಕ್ಕೆ. ಅಲ್ಲಿಯವರೆಗೆ ಸರಳು, ಕೇಬಲ್ಲುಗಳನ್ನು ಎಳೆದು ನಿಲ್ಲಿಸುವ ಬ್ರೇಕೇ ಗತಿ. ಆದರೆ ಆಕ್ಸಲ್ಲಿನ ವಿನ್ಯಾಸ ಹೆಚ್ಚು ಬದಲಾಗಿರಲಿಲ್ಲವಲ್ಲ, ಹಾಗಾಗಿ 1939ರ ಬ್ರೇಕನ್ನು ಅದಕ್ಕಿಂತ ಹಳೆಯ ಕಾರಿಗೆ ಅಷ್ಟೇನೂ ತಂಟೆಯಿಲ್ಲದೆ ಕೂರಿಸಬಹುದಾಗಿತ್ತು. ಮಾಲೀಕನ ಹಟ ಗಿರಾಕಿಗೆ ಕಾಟವಾಗಿತ್ತು. ಗುಜರಿ ಹೆಕ್ಕುವ ಹುಡುಗನಿಗೆ ಅದೇ ವರವಾಯಿತು.

ಇದೇ ಹೆನ್ರಿ ಫೋರ್ಡ್ 1932ರಲ್ಲಿ ಎಲ್ಲರನ್ನೂ ಬೆರಗುಗೊಳಿಸಿದ್ದೂ ಉಂಟು. ಎಂಟು ಸಿಲಿಂಡರಿನ ವಿ-8 ಎಂಜಿನ್ ಅಲ್ಲಿಯವರೆಗೆ ಉಳ್ಳವರ ಸ್ವತ್ತು. ಅದನ್ನು ಒಂದೇ ಎರಕದ ಬ್ಲಾಕಿನಲ್ಲಿ, ಸಾಮಾನ್ಯರ ಬೆಲೆಯ ಕಾರಿಗೆ ಅವನು ಇಳಿಸಿದ. ‘ಮಾಡೆಲ್ ಎ’ಯ ನಾಲ್ಕು ಸಿಲಿಂಡರಿನ ಎಂಜಿನ್ನಿನದು 40 ಅಶ್ವಶಕ್ತಿ, ಹೊಸದರದು 65. ವಾಲ್ವುಗಳು ತಲೆಯಲ್ಲಿಲ್ಲದೆ ಬ್ಲಾಕಿನೊಳಗೇ ಇದ್ದದ್ದರಿಂದ ಮೇಲಿನ ಮುಚ್ಚಳ ಚಪ್ಪಟೆ. ಅದಕ್ಕೇ ಇದು ‘ಫ್ಲಾಟ್‌ಹೆಡ್’.

ಇವತ್ತು ಹಳೆಯ ಭಾಗಗಳಿಂದ ಕಾರು ಕಟ್ಟಲು ಹೊರಟವನು ಮೊದಲು ಎದುರಿಸುವುದು ಈ ಎಂಜಿನ್ನಿನ ಹಣೆಬರಹವನ್ನು. ಉರಿದ ಬಿಸಿ ಹೊಗೆ ಬ್ಲಾಕಿನ ಒಳಗಿನ ಹಾದಿಯಿಂದಲೇ ಹೊರಗೆ ಹೋಗಬೇಕು. ಹೀಗಾಗಿ ಫ್ಲಾಟ್‌ಹೆಡ್ ಬೇಗ ಕಾಯುತ್ತದೆ; ಕಾಯ್ದು ಕಾಯ್ದು ವಾಲ್ವಿಗೂ ಸಿಲಿಂಡರಿಗೂ ನಡುವಿನ ಗೋಡೆ ಸೀಳುತ್ತದೆ. ಯಾರದೋ ಕೊಟ್ಟಿಗೆಯಲ್ಲಿ ದಶಕಗಟ್ಟಲೆ ಬಿದ್ದಿದ್ದ ಬ್ಲಾಕನ್ನು ತಂದರೆ ಮೊದಲು ಅದರ ಜಿಡ್ಡು ತೊಳೆಯಬೇಕು. ಅನುಮಾನವಿರುವ ಕಡೆಗೆಲ್ಲ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಮತ್ತೆ ಜಿನುಗಿ, ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡುತ್ತದೆ. ಇದು ರೈಲ್ವೆ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ಹಳೆಯ ಉಪಾಯ. ಗೆರೆ ಮೂಡದಿದ್ದರೂ ಯಂತ್ರದಂಗಡಿಗೆ ಒಯ್ದು ಕಾಂತದ ಪುಡಿಯಿಂದ ಇನ್ನೊಮ್ಮೆ ನೋಡಿಸುವುದು ಜಾಣತನ. ಈ ಪರೀಕ್ಷೆ ಮುಗಿಯುವ ಮುನ್ನ ಎಂಜಿನ್ನಿಗೆ ಒಂದು ಕಾಸನ್ನೂ ಸುರಿಯಬಾರದು ಎಂಬುದು ಬಲ್ಲವರ ಮಾತು.

ಬ್ಲಾಕ್ ಗಟ್ಟಿಯಿದ್ದರೆ ಹಳೆಯ ಹುಡುಗರು ಕಲಿಸಿಕೊಟ್ಟ ಲೆಕ್ಕಾಚಾರ ಶುರು. 1948ರ ಫೋರ್ಡ್ ಎಂಜಿನ್ನಿನ ಸಿಲಿಂಡರುಗಳ ಒಟ್ಟು ಗಾತ್ರ 239 ಘನ ಇಂಚು. ಫೋರ್ಡ್‌ನದೇ ಕೂಸಾದ ಮರ್ಕ್ಯುರಿ ಕಾರಿಗೆ 1949ರಿಂದ ಬಂದ ಕ್ರ್ಯಾಂಕ್‌ಶಾಫ್ಟಿನ ಸ್ಟ್ರೋಕ್, ಎಂದರೆ ಪಿಸ್ಟನ್ ಓಡುವ ದೂರ, ಕಾಲಿಂಚು ಹೆಚ್ಚು. ಅದನ್ನು ತಕ್ಕ ಪಿಸ್ಟನ್ನುಗಳೊಂದಿಗೆ ಇದೇ ಬ್ಲಾಕಿಗೆ ಇಳಿಸಿದರೆ 255 ಘನ ಇಂಚಾಗುತ್ತದೆ. ಸಿಲಿಂಡರನ್ನು ಒಂದಿಂಚಿನ ಎಂಟನೇ ಒಂದು ಪಾಲು ಕೊರೆಸಿದರೆ 276. ಒಂದೇ ಕಾರ್ಬ್ಯುರೇಟರ್ ಇದ್ದ ಜಾಗದಲ್ಲಿ ಎರಡೋ ಮೂರೋ ಸ್ಟ್ರೋಮ್‌ಬರ್ಗ್ ಕಾರ್ಬ್ಯುರೇಟರ್. ಅವನ್ನು ಸಾಲಾಗಿ ಹೊರುವ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಎರಕ ಹೊಯ್ಯುತ್ತಲೇ ವಿಕ್ ಎಡೆಲ್‌ಬ್ರಾಕ್‌ನಂಥವರು ಒಂದು ಉದ್ಯಮವನ್ನೇ ಕಟ್ಟಿದರು.

ಚಾಸಿಸ್ಸಿನದು ಇನ್ನೊಂದು ತಾಳ್ಮೆ. ತೊಂಬತ್ತು ವರ್ಷ ಹಳೆಯ ಉಕ್ಕಿನ ಚೌಕಟ್ಟು ಹೊರನೋಟಕ್ಕೆ ನೆಟ್ಟಗಿದ್ದರೂ ಒಳಗೆ ಸೊಟ್ಟಗಿರಬಹುದು. ಅದನ್ನು ಸಮನೆಲದಲ್ಲಿಟ್ಟು ಟೇಪಿನಿಂದ ಮೂಲೆಯಿಂದ ಮೂಲೆಗೆ ಕತ್ತರಿಯಾಕಾರದಲ್ಲಿ ಎರಡು ಅಳತೆ ತೆಗೆಯುತ್ತಾರೆ. ಎರಡೂ ಒಂದೇ ಬಂದರೆ ಚೌಕಟ್ಟು ಓರೆಯಾಗಿಲ್ಲ. ಬಾರದಿದ್ದರೆ ಮುಂದಿನ ಕೆಲಸವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ‘ಮಾಡೆಲ್ ಎ’ಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 103.5 ಇಂಚು, 1932ರ ಚಾಸಿಸ್ಸಿನಲ್ಲಿ 106. ಅದರ ಬಾಡಿಯನ್ನು ಇದರ ಮೇಲೆ ಕೂರಿಸುವಾಗ ಆ ಎರಡೂವರೆ ಇಂಚನ್ನು ಎಲ್ಲಿ ನುಂಗಿಸುವುದು ಎಂದು ಯೋಚಿಸಿ ತಲೆ ಕೆಡಿಸಿಕೊಂಡವರು ಬಹಳ. ಅದಕ್ಕೇ ತಿಳಿದವರು ಬಣ್ಣದ ಡಬ್ಬಿ ತೆರೆಯುವ ಮುನ್ನ ಇಡೀ ಕಾರನ್ನು ಬರಿಮೈಯಲ್ಲೇ ಒಮ್ಮೆ ಪೂರ್ತಿ ಜೋಡಿಸುತ್ತಾರೆ. ವೆಲ್ಡಿಂಗನ್ನೂ ಬೊಟ್ಟಿಟ್ಟಷ್ಟೇ ಇಟ್ಟು ಬಿಡುತ್ತಾರೆ. ಬಾಗಿಲು ಮುಚ್ಚುತ್ತದೆಯೇ, ಸ್ಟಿಯರಿಂಗ್ ತಿರುಗಿಸಿದರೆ ಟೈರು ಎಲ್ಲಿಗಾದರೂ ಉಜ್ಜುತ್ತದೆಯೇ, ಬ್ರೇಕಿನ ಪೆಡಲ್ಲಿಗೆ ಕಾಲು ಸರಾಗ ಹೋಗುತ್ತದೆಯೇ ನೋಡಿ, ಮತ್ತೆಲ್ಲ ಬಿಚ್ಚಿ, ಆಮೇಲಷ್ಟೇ ಪಕ್ಕಾ ಕೆಲಸ.

ಇಷ್ಟೆಲ್ಲ ನಿಷ್ಠೆಯಿಂದ ಪಾಲಿಸುವ ಪದ್ಧತಿಯನ್ನು ಹುಟ್ಟುಹಾಕಿದವರು ಮಾತ್ರ ಯಾವುದಕ್ಕೂ ನಿಷ್ಠರಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ಬಿಲ್ ಬರ್ಕ್ ಎಂಬಾತನ ಕಣ್ಣು ಯುದ್ಧವಿಮಾನದ ಹೊಟ್ಟೆಯಡಿ ತೂಗುಹಾಕುವ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿತ್ತು. ಗಾಳಿ ಸೀಳಲೆಂದೇ ಮಾಡಿದ ಆಕಾರ, ಸೇನೆ ಬೇಡವೆಂದು ಮಾರಿದ ಮಾಲು. 1946ರಲ್ಲಿ ಅದರೊಳಗೇ ಎಂಜಿನ್ ಇಟ್ಟು ಕಾರು ಮಾಡಿ ಒಣಕೆರೆಗೆ ತಂದ. ಅದೇ ವರ್ಷ ಸೇನೆಯಿಂದ ಮರಳಿದ ಅಲೆಕ್ಸ್ ಕ್ಸಿಡಿಯಸ್ ‘ಸೋ-ಕ್ಯಾಲ್ ಸ್ಪೀಡ್ ಶಾಪ್’ ತೆರೆದ. ಮುಂದೆ ಅವನ ಟ್ಯಾಂಕ್ ಕಾರೂ ಹೆಸರು ಮಾಡಿತು. ಇನ್ನು 1955ರಲ್ಲಿ ಶೆವ್ರೊಲೆ ಕಂಪನಿ ವಾಲ್ವುಗಳನ್ನು ತಲೆಗೆ ಏರಿಸಿದ, ಹಗುರಾದ, ಅಗ್ಗದ ವಿ-8 ತಂದಿತು: 265 ಘನ ಇಂಚು, 162 ಅಶ್ವಶಕ್ತಿ. ಏಳು ವರ್ಷದ ಹಿಂದಿನ ಫೋರ್ಡ್ ಎಂಜಿನ್ ಕಾರ್ಖಾನೆಯಿಂದ ಬಂದಾಗ ಕೊಡುತ್ತಿದ್ದದ್ದು ಬರೀ 100. ಅಷ್ಟು ಮುದ್ದು ಮಾಡಿದ್ದ ಫ್ಲಾಟ್‌ಹೆಡ್ಡನ್ನು ಹುಡುಗರು ಎತ್ತಿ ಬದಿಗಿಟ್ಟು, ಅದೇ ಜಾಗಕ್ಕೆ ಶೆವ್ರೊಲೆ ಕೂರಿಸತೊಡಗಿದರು. ಕಣ್ಣೀರು ಹಾಕಿದವರು ಕಡಿಮೆ.

ನಮ್ಮಲ್ಲೂ ಈ ಬುದ್ಧಿಗೆ ಬರವಿರಲಿಲ್ಲ. ಮಲೆನಾಡು, ಕೊಡಗಿನ ತೋಟಗಳಲ್ಲಿ ಪೆಟ್ರೋಲ್ ಕುಡಿಯುವ ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಇಳಿಸಿ ಓಡಿಸಿದ ಮೆಕ್ಯಾನಿಕ್‌ಗಳಿಗೂ ಯಾವುದು ಎಲ್ಲಿಗೆ ಕೂರುತ್ತದೆ ಎಂಬುದು ಬೆರಳ ತುದಿಯಲ್ಲಿತ್ತು. ಈಗ ಕಾನೂನು ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು 2019ರಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಿದೆ. ಕ್ಯಾಲಿಫೋರ್ನಿಯಾದಲ್ಲಾದರೆ ಮನೆಯಲ್ಲಿ ಕಟ್ಟಿದ ಕಾರಿಗೆಂದೇ ನೋಂದಣಿಯ ಬೇರೆ ವರ್ಗವಿದೆ; ಬ್ರೇಕು, ದೀಪಗಳ ತಪಾಸಣೆ ಮುಗಿಸಿ, ಹೊಸ ಗುರುತಿನ ಸಂಖ್ಯೆ ಪಡೆದು ರಸ್ತೆಗಿಳಿಸಬಹುದು. ನಮ್ಮ ಕಿಕ್ಕಿರಿದ ರಸ್ತೆಗಳಿಗೆ ಬಿಗಿಯಾದ ಕಾನೂನು ಬೇಕು, ಒಪ್ಪೋಣ. ಆದರೆ ತಪಾಸಣೆ ಮಾಡಿ ಬಿಡುವುದಕ್ಕೂ ಬಾಗಿಲನ್ನೇ ಮುಚ್ಚುವುದಕ್ಕೂ ವ್ಯತ್ಯಾಸವಿದೆ.

ಒಂದು ಕಾಲಕ್ಕೆ ಪೊಲೀಸರು ಅಟ್ಟಿಸಿಕೊಂಡು ಹೋಗುತ್ತಿದ್ದ ಹಾಟ್ ರಾಡ್ 2014ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಬಂತು. ಅಂಚೆಚೀಟಿಗೆ ಬಂದದ್ದು ಸಾಮಾನ್ಯವಾಗಿ ತುಟ್ಟಿಯೂ ಆಗಿರುತ್ತದೆ. ಗುಜರಿಯಲ್ಲಿ ತೂಕಕ್ಕೆ ಸಿಗುತ್ತಿದ್ದ ಭಾಗಗಳಿಗೆ ಈಗ ಸಂಗ್ರಾಹಕರ ಪೈಪೋಟಿ. ಅಸಲಿ ಸಿಗದಿದ್ದರೆ 1932ರ ಮಾದರಿಯಲ್ಲೇ ಹೊಸದಾಗಿ ಒತ್ತಿದ ಬಾಡಿ, ಹೊಸ ಸ್ಟ್ರೋಮ್‌ಬರ್ಗ್ ಎಲ್ಲವೂ ಕೆಟಲಾಗಿನಲ್ಲಿವೆ. ದುಡ್ಡಿದ್ದವನು ಒಂದು ಗುಜರಿಗೂ ಕಾಲಿಡದೆ ಬಡ ಹುಡುಗನ ಕಾರನ್ನು ಕೊಳ್ಳಬಹುದು. ಅದು ನೋಡಲು ಅಂಥದ್ದೇ ಇರುತ್ತದೆ. ಅದನ್ನು ಕೊಂಡವನಿಗೆ ಬ್ಲಾಕಿನ ಬಿರುಕು ಹುಡುಕಿ ಗೊತ್ತಿಲ್ಲ, ಎರಡೂವರೆ ಇಂಚಿನ ಜೊತೆ ಗುದ್ದಾಡಿ ಗೊತ್ತಿಲ್ಲ, ಅಷ್ಟೇ.

ಹಾಗಾದರೆ ಹಳೆಯ ತುಂಡುಗಳನ್ನೇ ಹುಡುಕಿ, ಅವುಗಳಿಂದಲೇ ಕಟ್ಟುತ್ತೇನೆ ಎಂದು ಹಟ ಹಿಡಿದವನ ಮಡಿ ದಂಡವೇ? ಅಲ್ಲ. ಆ ನಿಯಮ ಅವನಿಗೆ ಕೈಕೆಲಸ ಕಲಿಸುತ್ತದೆ, ಕೊಳ್ಳುವ ಮುನ್ನ ಯೋಚಿಸುವುದನ್ನು ಕಲಿಸುತ್ತದೆ. ಅದಕ್ಕಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ. ಆದರೆ ಶಾಲೆಯನ್ನೇ ವಿದ್ಯೆ ಎಂದುಕೊಳ್ಳಬಾರದು. ಆ ಹುಡುಗರು ಬಿಟ್ಟುಹೋದ ಸಂಪ್ರದಾಯ ಫ್ಲಾಟ್‌ಹೆಡ್ ಎಂಜಿನ್ನಲ್ಲ, 1932ರ ಚಾಸಿಸ್ಸೂ ಅಲ್ಲ. ಊರು ಎಸೆದದ್ದರಲ್ಲಿ ಒಳ್ಳೆಯದನ್ನು ಗುರುತಿಸಿ, ಅದರ ಒಳಗನ್ನು ಅರಿತು, ತನ್ನ ಕೈಯಾರೆ ಕೂರಿಸಿಕೊಳ್ಳುವ ಅಭ್ಯಾಸ ಅದು. ಅಪಘಾತದಲ್ಲಿ ನುಜ್ಜಾದ ವಿದ್ಯುತ್ ಕಾರಿನ ಮೋಟಾರು, ಬ್ಯಾಟರಿ ಬಿಚ್ಚಿ ಹಳೆಯ ಕಾರಿಗೆ ಕೂರಿಸುವವರನ್ನು ಕಂಡರೆ ಇಂದಿನ ಮಡಿವಂತರು ಮೂಗು ಮುರಿಯುತ್ತಾರೆ. 1948ರ ಹುಡುಗನಾಗಿದ್ದರೆ ಮೂಗು ಮುರಿಯುತ್ತಿರಲಿಲ್ಲ. ಮೊದಲು ಬೆಲೆ ಕೇಳುತ್ತಿದ್ದ, ಆಮೇಲೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ.