ಅರಸನ ಪಶ್ಚಾತ್ತಾಪ

ಸುರಪುರ ಸೀಮೆಯ ಕೆಂಭಾವಿಯ ಹೆಸರನ್ನು ಕೇಳಿದೊಡನೆ ಶಿವಭಕ್ತರ ಮನಸ್ಸಿಗೆ ಬರುವುದು ಭೋಗಣ್ಣನವರ ಚರಿತ್ರೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣವೂ ಈ ಶರಣರ ಮಹಿಮೆಯನ್ನು ಕೊಂಡಾಡಿವೆ. ಅಂತ್ಯಜವೇಷದಿಂದ ಬಂದ ಜಂಗಮಮೂರ್ತಿಯನ್ನು ಭೋಗಣ್ಣನವರು ಮನೆಗೆ ಬರಮಾಡಿಕೊಂಡು ಸತ್ಕರಿಸಿದರು. ವಿಪ್ರರು ಅರಸನಲ್ಲಿ ದೂರಿದರು. ಅರಸನು ಶರಣರನ್ನು ಊರು ಬಿಡಿಸಿದನು. ಅವರು ಹೊರಟಾಗ ಗುಡಿಗಳ ಲಿಂಗಗಳೆಲ್ಲ ಪೀಠ ತೊರೆದು ಅವರ ಹಿಂದೆ ಉರುಳಿಹೋದವು. ಆಗ ಅರಸನು ಬೆದರಿ, ಹಿಂದೆಯೇ ಹೋಗಿ, ಕ್ಷಮೆ ಬೇಡಿ ಅವರನ್ನು ಕರೆತಂದನು.

ಲಿಂಗಗಳು ಉರುಳಿದ ಪವಾಡವನ್ನು ಎಲ್ಲರೂ ಹೇಳುತ್ತಾರೆ. ಅರಸನ ವಿಷಯವನ್ನು ಹೇಳುವವರು ವಿರಳ. ಆದರೆ ಸಂಸಾರಿಗಳಾದವರಿಗೆ ಭೋಗಣ್ಣನವರಿಗಿಂತ ಆ ಅರಸನೇ ಹತ್ತಿರದವನು. ನಾಲ್ಕು ಜನ ಕೂಡಿ ಆಡಿದ ಮಾತನ್ನು ಅವನು ನ್ಯಾಯವೆಂದು ಬಗೆದನು. ಇಷ್ಟೇ ಅವನ ತಪ್ಪು. ಇದು ಸಣ್ಣ ತಪ್ಪಲ್ಲ.

ಯೆಹೂದ್ಯರೂ ಕ್ರೈಸ್ತರೂ ಪವಿತ್ರವೆಂದು ಭಾವಿಸುವ ಸಮುವೇಲನ ಗ್ರಂಥದಲ್ಲಿ ಸೌಲನೆಂಬ ಅರಸನ ಕಥೆಯಿದೆ. ಇವನು ಇಸ್ರಾಯೇಲರ ಮೊದಲ ಅರಸ. ತಂದೆಯ ಕಳೆದುಹೋದ ಕತ್ತೆಗಳನ್ನು ಹುಡುಕಲು ಹೋದವನಿಗೆ ರಾಜ್ಯ ದೊರೆಯಿತು. ಪಟ್ಟಕ್ಕೆ ಆರಿಸಿದ ದಿನ ಸಾಮಾನುಗಳ ನಡುವೆ ಅಡಗಿ ಕುಳಿತಿದ್ದನಂತೆ. ಅಷ್ಟು ವಿನಯವುಳ್ಳವನು ಮುಂದೆ ಕೆಟ್ಟನು. ಅಮಾಲೇಕ್ಯರ ಮೇಲಣ ಯುದ್ಧದಲ್ಲಿ ಯಾವುದನ್ನೂ ಉಳಿಸಬಾರದೆಂದು ಪ್ರವಾದಿಯಾದ ಸಮುವೇಲನ ಮೂಲಕ ದೈವಾಜ್ಞೆಯಾಗಿತ್ತು. (ದಯೆಯನ್ನೇ ಧರ್ಮದ ಮೂಲವೆಂದ ಶರಣರು ಅಂತಹ ಆಜ್ಞೆಯನ್ನು ಒಪ್ಪಲಾರರು, ಅದು ಬೇರೆಯೇ ವಿಚಾರ.) ಸೌಲನು ಉತ್ತಮವಾದ ಕುರಿದನಗಳನ್ನು ಉಳಿಸಿಕೊಂಡು, ಆಜ್ಞೆ ನೆರವೇರಿಸಿದೆನೆಂದನು. ಕುರಿಗಳ ಕೂಗೇ ಅವನನ್ನು ಹಿಡಿದುಕೊಟ್ಟಿತು. ಬಳಿಕ, ಜನರು ಅವನ್ನು ಬಲಿಗಾಗಿ ತಂದರೆಂದನು. ಕೊನೆಗೆ, ಜನರಿಗೆ ಅಂಜಿ ಅವರ ಮಾತು ಕೇಳಿದೆನೆಂದು ಪಾಪವನ್ನು ಒಪ್ಪಿಕೊಂಡನು. ಒಪ್ಪಿದ ಬೆನ್ನಲ್ಲೇ, ಹಿರಿಯರ ಮುಂದೆ ತನ್ನ ಮರ್ಯಾದೆ ಉಳಿಸಬೇಕೆಂದು ಸಮುವೇಲನನ್ನು ಬೇಡಿದನು.

ತಪ್ಪು ಗುಟ್ಟಾಗಿ ಒಪ್ಪಬೇಕು, ಮಾನ ಬಹಿರಂಗವಾಗಿ ಉಳಿಯಬೇಕು! ಈ ವ್ಯಾಪಾರ ಅರಮನೆಯದಷ್ಟೇ ಅಲ್ಲ. ನೆಂಟರಿಷ್ಟರ ಎದುರಿಗೆ ಸೊಸೆಯ ಮೇಲೆ ಕಳವಿನ ಮಾತು ಹೊರಿಸಿದ ಹಿರಿಯನು, ಕಳೆದ ಒಡವೆ ತನ್ನ ಪೆಟ್ಟಿಗೆಯಲ್ಲೇ ಸಿಕ್ಕಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ "ಹೋಗಲಿ ಬಿಡಮ್ಮ" ಎನ್ನುತ್ತಾನೆ. ನೆಂಟರು ಕೇಳಿದ್ದು ಮೊದಲಿನ ಮಾತನ್ನು ಮಾತ್ರ. ಆಕೆ ಮುಂದಿನ ಹಬ್ಬಕ್ಕೆ ಅವರೆದುರು ತಲೆ ತಗ್ಗಿಸಿಯೇ ಬಡಿಸಬೇಕು.

ಕೆಂಭಾವಿಯ ಅರಸನು ಹಾಗೆ ಮಾಡಲಿಲ್ಲ. ಅವನನ್ನು ಎಬ್ಬಿಸಿದ್ದು ಭಯವೇ ಹೊರತು ಜ್ಞಾನವಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೂ ಅವನು ದೂತನನ್ನು ಕಳುಹಿಸಿ ಸುಮ್ಮನಾಗಲಿಲ್ಲ, ತಾನೇ ಹೋದನು. ದೂರು ಕೊಟ್ಟವರು ನೋಡುತ್ತಿರುವಂತೆಯೇ, ತಾನು ಹೊರಗಟ್ಟಿದವರನ್ನು ಮುಂದಿಟ್ಟುಕೊಂಡು ಊರು ಹೊಕ್ಕನು. ಕಲ್ಯಾಣದ ಬಿಜ್ಜಳನಿಗೆ ಇಷ್ಟು ಕೂಡ ಒದಗಿಬರಲಿಲ್ಲ. ದೂರುಗಾರರ ಮಾತಿಗೆ ಕಿವಿಗೊಟ್ಟು ಅವನು ಹರಳಯ್ಯ ಮಧುವಯ್ಯಗಳಿಗೆ ವಿಧಿಸಿದ ಎಳೆಹೂಟೆ ಮರಳಿ ಕರೆತರಲು ಯಾರನ್ನೂ ಉಳಿಸಲಿಲ್ಲ.

ಸೌಲನ ಬೇಡಿಕೆಯನ್ನು ಸಮುವೇಲನು ನಡೆಸಿಕೊಟ್ಟನು. ಅವನೊಡನೆ ಹಿಂದಿರುಗಿದನು, ಹಿರಿಯರ ಮುಂದೆ ಅರಸನ ಮರ್ಯಾದೆ ಉಳಿಯಿತು. ಆ ಮೇಲೆ ಸಾಯುವ ತನಕ ಸಮುವೇಲನು ಅವನನ್ನು ಕಾಣಲು ಹೋಗಲಿಲ್ಲ.