ಜಿಂಕೆ ಬೇಟೆ ಮತ್ತು ಹಿಂಸೆಯ ಅಳತೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರ್ ಉತ್ತರಾರ್ಧದ ಒಂಬತ್ತು ದಿನ ಬಂದೂಕಿನ ಜಿಂಕೆ ಬೇಟೆಗೆ ಮೀಸಲು. ಯಾವ ಕೌಂಟಿಯಲ್ಲಿ ಎಷ್ಟು ಹೆಣ್ಣುಜಿಂಕೆಗಳನ್ನು ಕೊಲ್ಲಬಹುದೆಂಬ ಮಿತಿ ಮೊದಲೇ ನಿಗದಿಯಾಗಿರುತ್ತದೆ. ಅದನ್ನು ಶಿಫಾರಸು ಮಾಡಲು 2014ರಿಂದ ಕೌಂಟಿ ಮಟ್ಟದಲ್ಲೇ ಸಲಹಾ ಮಂಡಳಿಗಳಿವೆ. ಆಡಳಿತಕ್ಕೆ ಇದು ಲೆಕ್ಕದ ಪ್ರಶ್ನೆ. ಧರ್ಮಚಿಂತನೆಗೆ ಬೇರೆಯೇ ಪ್ರಶ್ನೆ: ಕಾಡು ಉಳಿಯಲೆಂದು, ತಪ್ಪೇನೂ ಮಾಡದ ಜಿಂಕೆಯ ಪ್ರಾಣ ತೆಗೆಯಬಹುದೆ?

ಹೌದೆಂದವರಲ್ಲಿ ಪ್ರಮುಖರು ಅರಣ್ಯ ವಿಜ್ಞಾನಿ ಆಲ್ಡೊ ಲಿಯೊಪೋಲ್ಡ್. ಅದೇ ರಾಜ್ಯದ ಸಾಕ್ ಕೌಂಟಿಯಲ್ಲಿ 1935ರಲ್ಲಿ ಕೊಂಡ ಬರಡು ಜಮೀನಿನ ಅನುಭವದಿಂದ ಹುಟ್ಟಿದ ಅವರ ‘ಎ ಸ್ಯಾಂಡ್ ಕೌಂಟಿ ಅಲ್ಮನ್ಯಾಕ್’ ಮರಣಾನಂತರ, 1949ರಲ್ಲಿ ಪ್ರಕಟವಾಯಿತು. ತೋಳ ಕಡಿಮೆಯಾದಷ್ಟೂ ಜಿಂಕೆ ಹೆಚ್ಚುತ್ತದೆಂದು ನಂಬಿ ಅವರೂ ಯೌವನದಲ್ಲಿ ತೋಳಗಳಿಗೆ ಗುಂಡಿಕ್ಕಿದ್ದರು. ಸಾಯುತ್ತಿದ್ದ ಹೆಣ್ಣುತೋಳದ ಕಣ್ಣಿನ ಹಸಿರು ಹೊಳಪು ಆರಿದ್ದನ್ನು ಅವರು ಮರೆಯಲಿಲ್ಲ. ಜಿಂಕೆ ಹೆಚ್ಚಿತು, ಕಾಡು ಸೊರಗಿತು. ಜಿಂಕೆ ಮಿತಿಮೀರಿದ ಕಾಡಿನಲ್ಲಿ ಬಾಯಿ ಎಟುಕುವಷ್ಟು ಎತ್ತರದವರೆಗೆ ಒಂದು ಚಿಗುರೂ ಇರುವುದಿಲ್ಲ. ಕತ್ತರಿ ಹಿಡಿದು ಗೆರೆ ಎಳೆದಂತೆ ಕಾಣುತ್ತದೆ. ಹಿಮ ಬಿದ್ದಾಗ ಮೊದಲು ಸಾಯುವುದು ಮರಿಗಳು. ಹಸಿದು ಸತ್ತ ಜಿಂಕೆಯ ತೊಡೆಮೂಳೆ ಒಡೆದರೆ ಒಳಗೆ ಬಿಳಿ ಕೊಬ್ಬಿರುವುದಿಲ್ಲ, ಕೆಂಪು ಲೋಳೆಯಿರುತ್ತದೆ. 1943ರಲ್ಲಿ ಹೆಣ್ಣುಜಿಂಕೆ ಮತ್ತು ಮರಿಗಳ ಬೇಟೆಯನ್ನು ಲಿಯೊಪೋಲ್ಡ್ ಬೆಂಬಲಿಸಿದಾಗ ರಾಜ್ಯದಲ್ಲಿ ದೊಡ್ಡ ಗದ್ದಲವೆದ್ದಿತು.

ಮಣ್ಣು, ನೀರು, ಗಿಡ, ಪ್ರಾಣಿಗಳ ಒಟ್ಟು ಸಮುದಾಯದ ಕ್ಷೇಮವೇ ಸರಿತಪ್ಪಿನ ಅಳತೆ ಎಂಬುದು ಅವರ ನಿಲುವು. ತತ್ತ್ವಜ್ಞಾನಿ ಟಾಮ್ ರೇಗನ್ 1983ರಲ್ಲಿ ಇಂಥ ನಿಲುವನ್ನು ಪರಿಸರ ಫ್ಯಾಸಿಸಂ ಎಂದು ಜರೆದರು. ಸಮುದಾಯಕ್ಕೆ ನೋವಿಲ್ಲ, ನೋಯುವುದು ಒಂದೊಂದು ಜೀವ. ಸಂಖ್ಯೆ ಹೆಚ್ಚಿತೆಂದು ಮನುಷ್ಯರನ್ನು ಕೊಲ್ಲುವುದು ಸಲ್ಲದಿದ್ದರೆ ಜಿಂಕೆಗೂ ಅದು ಸಲ್ಲದು ಎಂಬುದು ಈ ಪಕ್ಷದ ವಾದ.

ಜೈನಧರ್ಮ ಮನಸ್ಸನ್ನೂ ಅಳೆಯುತ್ತದೆ. ಗೃಹಸ್ಥನ ಹಿಂಸೆಯನ್ನು ಅದು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅಡುಗೆ, ಬೇಸಾಯ, ಆತ್ಮರಕ್ಷಣೆಗಳಲ್ಲಿ ಆಗುವ ಮೊದಲ ಮೂರನ್ನು ಗೃಹಸ್ಥನು ಪೂರ್ತಿ ತಪ್ಪಿಸಲಾರ. ಕೊಲ್ಲಬೇಕೆಂದೇ ಕೊಲ್ಲುವುದನ್ನು ಮಾತ್ರ ಬಿಡಲೇಬೇಕು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ, ಆದರೂ ಆ ಸಂಕಲ್ಪಕ್ಕಾಗಿ ರಾಜನೂ ತಾಯಿಯೂ ಭವಭವಗಳಲ್ಲಿ ತೊಳಲುತ್ತಾರೆ. ಈ ಅಳತೆಗೆ ಬೇಟೆಯ ಪರವಾನಗಿ ರಕ್ಷೆಯಾಗದು.

ಹಾಗೆಂದು ಕೈಕಟ್ಟಿ ಕುಳಿತರೂ ಕೈ ಶುದ್ಧವಾಗದು. ತೋಳಗಳನ್ನು ಅಳಿಸಿದವನೂ, ಮೆಕ್ಕೆಜೋಳದ ಹೊಲಗಳಿಂದ ಜಿಂಕೆಗೆ ಮೇವೊದಗಿಸಿದವನೂ ಮನುಷ್ಯನೇ. ಮರಿಗಳ ಹಸಿವಿನ ಸಾವಿಗೂ ಅವನೇ ಹೊಣೆ. ಸಂತಾನ ನಿಯಂತ್ರಣದ ಚುಚ್ಚುಮದ್ದು ಬೇಲಿಯೊಳಗಿನ ಸಣ್ಣ ಹಿಂಡಿಗಾದರೂ ಆದೀತು, ತೆರೆದ ಕಾಡಿಗೆ ಕಷ್ಟ.

ಆದ್ದರಿಂದ ನಿರ್ವಹಣೆಯ ವಾದ ಕೊಲ್ಲುವ ಅಗತ್ಯವನ್ನು ಸಮರ್ಥಿಸಬಲ್ಲದು, ಕೊಲ್ಲುವ ಖುಷಿಯನ್ನು ಸಮರ್ಥಿಸಲಾರದು. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಬೇಟೆಯಲ್ಲೇ ಇದೆ: ಹಿಂಡು ಇಳಿಯಬೇಕಾದರೆ ಸಾಯಬೇಕಾದದ್ದು ಹೆಣ್ಣುಜಿಂಕೆ, ಗೋಡೆಯ ಮೇಲೆ ಮೆರೆಯುವುದು ಗಂಡಿನ ಕೊಂಬು.